ಪೆಂಗ್ವಿನ್ ಮರಿಗೆ ಬಿಸಿ ಒಳ್ಳೆಯದಂತೆ! ಒಂದು ಸ್ಪಷ್ಟನೆ

"ಧ್ರುವದಲ್ಲಿ ಚಳಿ ಕಡಿಮೆಯಾಗಿದೆ, ಪೆಂಗ್ವಿನ್ ಮರಿಗಳು ಈಗ ಬೇಗ ದಪ್ಪಗಾಗುತ್ತಿವೆ" ಅನ್ನುವ ಸಂದೇಶ ಎರಡು ದಿನದಿಂದ ನಮ್ಮ ಶಿರಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು.

ಈ ಮರಿಗಳಿಗೆ ಚಳಿಗಿಂತ ತೇವವೇ ದೊಡ್ಡ ಶತ್ರು. ನಾಟಿ ಕೋಳಿ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮಂಕರಿಯಡಿ ಬೆಚ್ಚಗಿದ್ದ ಮರಿ ಒಂದು ಜಡಿಮಳೆಗೆ ನೆಂದರೆ ಸಾಕು, ತೂಕಡಿಸಿ ಬಿದ್ದುಬಿಡುತ್ತದೆ. ಪೆಂಗ್ವಿನ್ ಮರಿಯ ಮೈಮೇಲಿರುವುದೂ ಹತ್ತಿಯಂಥ ತುಪ್ಪಳವೇ. ಒಣಗಿದ್ದರೆ ಕಂಬಳಿ, ನೆಂದರೆ ಏನೂ ಅಲ್ಲ. ಅಂಟಾರ್ಕ್ಟಿಕಾದಲ್ಲಿ ಹಿಮದ ಬದಲು ಮಳೆ ಬಿದ್ದಾಗ ಮರಿಗಳು ಸಾಯುವುದು ಹೀಗೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಐದು ಎಂಪರರ್ ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ, ನೀರು ತಡೆಯುವ ಗರಿ ಮೂಡುವ ಮೊದಲೇ ಮರಿಗಳ ಕಾಲಡಿಯ ಮಂಜುಗಡ್ಡೆ ಒಡೆದುಹೋಯಿತು.

ಹಾಗಂತ ಗಡ್ಡೆ ವಿಪರೀತ ಇದ್ದರೂ ಕಷ್ಟವೇ. 2017ರಲ್ಲಿ ಅಡೆಲಿ ಪೆಂಗ್ವಿನ್‌ಗಳ ಒಂದು ನೆಲೆಯಲ್ಲಿ ಸುಮಾರು 18,000 ಜೋಡಿಗಳಿಗೆ ಉಳಿದದ್ದು ಎರಡೇ ಮರಿ. ಗಡ್ಡೆ ದಾಟಿ ಆಹಾರ ತರಲು ಅಪ್ಪ-ಅಮ್ಮ ಬಲು ದೂರ ಹೋಗಬೇಕಾಗಿತ್ತು. ಕೆರೆ ಬತ್ತಿದ ವರ್ಷ ನಮ್ಮ ಕಗ್ಗಲಡುವಿನ ಹುಣಸೆಮರದ ಕೊಕ್ಕರೆ ಮರಿಗಳ ಪಾಡೂ ಅದೇ ತಾನೇ.

ಅಂದಹಾಗೆ, ಸಂದೇಶದ ಜೊತೆಗಿರುವ ಕಂದು ಬಣ್ಣದ ದುಂಡು ಮರಿ ಕಿಂಗ್ ಪೆಂಗ್ವಿನ್‌ದು. ಚಳಿಗಾಲಕ್ಕೆ ಮುಂಚೆ ಅವು ಯಾವಾಗಲೂ ಹಾಗೇ ಇರುತ್ತವೆ.