ಸ್ಪಷ್ಟನೆ: ಬೇಸಿಕ್‌ಮೆಡ್ ಅಂದ್ರೆ ತಪಾಸಣೆ ಇಲ್ಲ ಅಂತಲ್ಲ

‘ಅಮೆರಿಕದಲ್ಲಿ ಬೇಸಿಕ್‌ಮೆಡ್ ಪೈಲಟ್‌ಗಳಿಗೆ ಡ್ರೈವಿಂಗ್ ಲೈಸೆನ್ಸ್ ಒಂದೇ ಸಾಕು, ಬೋಧಕರು ಮಾತ್ರ ದುಡ್ಡು ತಗೊಳ್ಳುವಂತಿಲ್ಲ’ ಎಂಬ ಸಂದೇಶ ಗ್ರೂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಬೇಸಿಕ್‌ಮೆಡ್ ಅಂದ್ರೆ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಡುವ ವೈದ್ಯಕೀಯ ಪ್ರಮಾಣಪತ್ರ, ಅಂದರೆ ‘ಮೆಡಿಕಲ್’, ಇಲ್ಲದೆಯೂ ಸಣ್ಣ ವಿಮಾನ ಹಾರಿಸಲು ಇರುವ ವ್ಯವಸ್ಥೆ.

ಲೈಸೆನ್ಸ್ ಮಾತ್ರ ಸಾಕು ಎನ್ನುವುದು ಸ್ಪೋರ್ಟ್ ಪೈಲಟ್‌ಗಳ (ಸರಳ, ಚಿಕ್ಕ ವಿಮಾನ ಹಾರಿಸುವವರ) ನಿಯಮ. ಗೊಂದಲ ಶುರುವಾಗಿದ್ದು ಬಹುಶಃ ಅಲ್ಲೇ. ಬೇಸಿಕ್‌ಮೆಡ್‌ಗೆ ಲೈಸೆನ್ಸ್ ಜೊತೆ ಇನ್ನೂ ಕೆಲವು ಬೇಕು. 2006ರ ಜುಲೈ 14ರ ನಂತರ ಒಮ್ಮೆಯಾದರೂ ಚಾಲ್ತಿಯಲ್ಲಿರುವ ಎಫ್‌ಎಎ ಮೆಡಿಕಲ್ ಹೊಂದಿರಬೇಕು. 48 ತಿಂಗಳಿಗೊಮ್ಮೆ ಪರವಾನಗಿ ಇರುವ ವೈದ್ಯರಿಂದ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಕೋರ್ಸ್. ತಪಾಸಣೆಗೆ ಒಂದು ಚೆಕ್‌ಲಿಸ್ಟ್ ಇದೆ: ಮೊದಲು ನೀವು ನಿಮ್ಮ ಕಾಯಿಲೆ, ಮಾತ್ರೆಗಳನ್ನು ಬರೆಯಬೇಕು, ಆಮೇಲೆ ವೈದ್ಯರು ಕಣ್ಣು, ಕಿವಿ, ಹೃದಯ ನೋಡಿ ಸಹಿ ಹಾಕುತ್ತಾರೆ. ಸುಮ್ನೆ ಸಹಿ ಅಲ್ಲ.

ಇನ್ನು ವಿಮಾನ ಹಾರಿಸಲು ಕಲಿಸುವ ಬೋಧಕರ ವಿಷಯ. ಬೇಸಿಕ್‌ಮೆಡ್‌ನಲ್ಲಿದ್ದು ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿ ಕಲಿಸಿದರೂ ಶುಲ್ಕ ಪಡೆಯಬಹುದು. ಎಫ್‌ಎಎ ಪ್ರಕಾರ ಆ ದುಡ್ಡು ಪಾಠಕ್ಕೆ, ವಿಮಾನ ಹಾರಿಸಿದ್ದಕ್ಕಲ್ಲ. ಬೋಧಕರು ಕಮಾಂಡ್‌ನಲ್ಲೂ ಇಲ್ಲ, ಕಡ್ಡಾಯ ಸಿಬ್ಬಂದಿಯೂ ಅಲ್ಲ ಎಂದಾದರೆ ಅವರಿಗೆ ಮೆಡಿಕಲ್ಲೇ ಬೇಡ.

ಬೇಸಿಕ್‌ಮೆಡ್‌ನಲ್ಲಿ ಹಾರಿಸಬಹುದಾದ ವಿಮಾನಕ್ಕೆ ಗರಿಷ್ಠ 6 ಜನ, 6,000 ಪೌಂಡ್ ತೂಕ ಎಂಬ ಮಿತಿಯೂ ಹಳೆಯದು. 2024ರ ನವೆಂಬರ್‌ನಿಂದ ಪೈಲಟ್ ಸೇರಿ 7 ಜನ, 12,500 ಪೌಂಡ್.

ಆ ಸಂದೇಶ ನಂಬಿ ಯಾರಾದರೂ ತಪಾಸಣೆ ಬಿಟ್ಟು ಹಾರಿದರೆ ಕಷ್ಟ ಅಲ್ವಾ? ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.