ಊರಿಗೆ ಊರೇ ಒಟ್ಟಿಗೆ ಹೊರಟರೆ ರಸ್ತೆಯೇ ಅಪಾಯ

ಭೂಕುಸಿತದ ಎಚ್ಚರಿಕೆ ಬಂದ ಕೂಡಲೇ ಕೊಡಗಿನ ಊರುಗಳಿಂದ ಎಲ್ಲರನ್ನೂ ಒಮ್ಮೆಗೇ ಹೊರಡಿಸಬೇಕೆಂದು ಲೇಖನವೊಂದರಲ್ಲಿ ಓದಿದೆ, ಆ ಮಾತನ್ನು ಒಪ್ಪಲಾರೆ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಡಲಂಚಿನವರ ಜೊತೆ ಒಳನಾಡಿನವರೂ ರಸ್ತೆಗಿಳಿದರು. ಗಂಟೆಗಟ್ಟಲೆ ನಿಂತಲ್ಲೇ ನಿಂತು ಪೆಟ್ರೋಲ್ ಮುಗಿಯಿತು, ಬಿಸಿಲಿಗೆ ಜನ ಸತ್ತರು. ವೃದ್ಧರನ್ನು ಒಯ್ಯುತ್ತಿದ್ದ ಬಸ್ಸೊಂದರ ಚಕ್ರದ ಬೇರಿಂಗ್ ಎಣ್ಣೆ ಸಾಲದೆ ಕಾದು ಬೆಂಕಿ ಹತ್ತಿ 23 ಮಂದಿ ತೀರಿಹೋದರು. ಚಂಡಮಾರುತ ಇನ್ನೂ ದಡಕ್ಕೇ ಬಂದಿರಲಿಲ್ಲ!

ಕೊಡಗಿನಲ್ಲಿ ಇದು ಇನ್ನೂ ಕಷ್ಟ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕುಸಿದಿತ್ತು. ಅಂಥ ಘಾಟಿಯಲ್ಲಿ ವಾಹನ ಸಾಲುಗಟ್ಟಿದರೆ ಜನ ನಿಲ್ಲುವುದು ಬರೆಯ, ಅಂದರೆ ಕಡಿದಾದ ಗುಡ್ಡದ ಬದಿಯ, ಕೆಳಗೇ. ಮೊದಲು ಬರೆ ಬುಡದ, ತೋಡಿನ (ಹಳ್ಳದ) ಪಕ್ಕದ ಮನೆಗಳು ಖಾಲಿಯಾಗಲಿ, ಅದೂ ಹಗಲಿನಲ್ಲೇ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆ ಸ್ವಂತ ವಾಹನವಿಲ್ಲ. ಯಾವ ತೋಟಕ್ಕೆ ಯಾರ ಜೀಪು ಎಂಬುದು ಮಳೆಗಾಲಕ್ಕೆ ಮೊದಲೇ ಗೊತ್ತಾಗಿರಬೇಕು. ಸಾಲಿನ ಮೊದಲ ಜೀಪಿನಲ್ಲಿ ಮರ ಕೊಯ್ಯುವ ಮೆಷಿನ್, ಹಗ್ಗ ಇರಲೇಬೇಕು. ಕರೆಂಟು ಹೋಗಿ ಜನರೇಟರ್ ಇಲ್ಲದಿದ್ದರೆ ಬಂಕೂ ನಿಲ್ಲುತ್ತದೆ, ಹಾಗಾಗಿ ಟ್ಯಾಂಕ್ ಅರ್ಧಕ್ಕಿಂತ ಇಳಿಯಬಾರದು. ಮತ್ತೆ ದನಕರು: ಅವುಗಳಿಗೆ ಜಾಗ ತೋರಿಸದೆ ಹೊರಡಿ ಎಂದರೆ ಯಾರೂ ಕದಲುವುದಿಲ್ಲ, ಕೊನೇಪಕ್ಷ ಕೊಟ್ಟಿಗೆಯ ಹಗ್ಗ ಬಿಚ್ಚಿ ಬಿಡಿಸಿ.