ಒಂದು ಕೆರೆ ಸಾಕು

ಪದವಿ ತರಗತಿಯಲ್ಲಿ ಪರಿಸರ ಅಧ್ಯಯನ ಬರೀ ಉರು ಹೊಡೆಯುವ ವಿಷಯವಾಗಿದೆ ಎಂದು ಲೇಖನವೊಂದರಲ್ಲಿ ಓದಿದೆ; ಆ ಮಾತು ನಿಜ. ಆದರೆ ತಪ್ಪು ಪಠ್ಯಕ್ರಮದ್ದಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2003ರ ಪಠ್ಯದಲ್ಲೇ ಹೊರಗೆ ಹೋಗಿ ಮಾಡುವ ಕೆಲಸಕ್ಕೆ 25 ಅಂಕ ಇತ್ತು. ಎಲ್ಲೂ ಹೋಗದೆ ಆ ಅಂಕ ಸುಮ್ನೆ ಹಾಕಿಬಿಟ್ಟರೆ ಏನು ಬಂತು?

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ಇಂಥ ಹೊರಗಿನ ಕೆಲಸಕ್ಕೆ ಒಂದು ಪಾಚಿಗಟ್ಟಿದ ಕೆರೆ ಸಾಕು. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರು ತೆಗೆದು, ವಿಂಕ್ಲರ್ ವಿಧಾನದಲ್ಲಿ, ಅಂದರೆ ನೀರಿಗೆ ಒಂದೊಂದಾಗಿ ರಾಸಾಯನಿಕ ಹಾಕಿ, ಅದರಲ್ಲಿ ಕರಗಿದ ಆಮ್ಲಜನಕ ಅಳೆಯಲು ವಿದ್ಯಾರ್ಥಿಗಳಿಗೆ ಹೇಳಿ. (ಮೊದಲ ಎರಡು ರಾಸಾಯನಿಕ ಕೆರೆ ದಂಡೆಯಲ್ಲೇ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.) ಎರಡರ ನಡುವೆ ಭಾರಿ ವ್ಯತ್ಯಾಸ ಸಿಗುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಬಳಸುತ್ತವೆ. ಕೊಳಚೆ ಜಾಸ್ತಿಯಾದ ಕೆರೆಯಲ್ಲಿ ಬೆಳಗ್ಗೆ ಮೀನು ಸತ್ತು ತೇಲುವುದು ಯಾಕೆಂದು ಆಮೇಲೆ ವಿದ್ಯಾರ್ಥಿಗಳೇ ವಿವರಿಸುತ್ತಾರೆ.